ಒಬ್ಬರ ಐಸ್ ಗುಡಾರ: ದುಡ್ಡು ಕೊಡೋ ಮುಂಚೆ ಒಂದಿಷ್ಟು ಲೆಕ್ಕ

ಅಮೆರಿಕದ ಮಿನ್ನೆಸೋಟಾದಲ್ಲಿ ಚಳಿಗಾಲ ಬಂತು ಅಂದ್ರೆ ಕೆರೆಗಳ ಮೇಲೆ ಒಂದೊಂದು ಊರೇ ಹುಟ್ಟಿಕೊಳ್ಳತ್ತೆ. ಮಿಲ್ ಲ್ಯಾಕ್ಸ್, ಲೇಕ್ ಆಫ್ ದಿ ವುಡ್ಸ್ ಥರದ ದೊಡ್ಡ ಕೆರೆಗಳ ಮೇಲೆ ಜನವರಿಯಲ್ಲಿ ನಿಂತು ನೋಡಿದರೆ ಕಣ್ಣು ಹಾಯಿಸಿದಷ್ಟು ದೂರ ಗುಡಾರ, ಮರದ ಗೂಡು, ಪಿಕಪ್ ಟ್ರಕ್ಕು. ಒಳಗೆ ಕೂತವರು ಐಸಿಗೆ ತೂತು ಕೊರೆದು ಗಾಳ ಇಳಿಬಿಟ್ಟಿರ್ತಾರೆ. ಮೇಲೆ ಹೆಪ್ಪುಗಟ್ಟಿದ್ರೂ ಕೆಳಗೆ ಮೀನು ಬದುಕಿರೋದು ಹೇಗೆ ಅನ್ನೋದು ನಮಗೆಲ್ಲ ಪಿಯುಸಿಯಲ್ಲೇ ಗೊತ್ತಾದ ವಿಷಯ. ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು, ಹಾಗಾಗಿ ಆ ನೀರು ತಳಕ್ಕೆ ಇಳಿಯತ್ತೆ, ಐಸು ಮೇಲೆ ತೇಲತ್ತೆ. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದು ಮರೆತ ಈ ಉತ್ತರದ ಮೇಲೆ ಇಲ್ಲಿ ಇಡೀ ಒಂದು ಹವ್ಯಾಸವೇ ನಿಂತಿದೆ.

ನಮ್ಮ ಕಾಲೇಜಿನಿಂದ ಎಂ.ಎಸ್. ಮಾಡೋಕೆ ಈ ಕಡೆ ಬರೋರು ಆಗಾಗ ಇದ್ದೇ ಇರ್ತಾರೆ. ನಾನೂ ಹಾಗೆ ಬಂದವನು, ಇದು ನನ್ನ ಮೂರನೇ ಚಳಿಗಾಲ. ಮೊದಲ ವರ್ಷ ಎಲ್ಲರೂ ರೂಮಲ್ಲೇ ಮುದುಡಿ ಕೂರ್ತಾರೆ. ಎರಡನೇ ವರ್ಷ ಲ್ಯಾಬಿನ ಯಾರೋ ಸ್ಥಳೀಯರು ಕೆರೆಗೆ ಕರ್ಕೊಂಡು ಹೋಗ್ತಾರೆ, ಅಲ್ಲಿಂದ ಹುಚ್ಚು ಹತ್ತತ್ತೆ. ಆಮೇಲೆ ಜೂನಿಯರ್‌ಗಳಿಂದ ಒಂದೇ ಪ್ರಶ್ನೆ: "ಅಣ್ಣಾ, ಒಬ್ಬರಿಗಾಗೋ ಗುಡಾರ ಯಾವುದು ತಗೊಳ್ಳಲಿ?" ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ. ಬೆಂಗಳೂರಲ್ಲೇ ಇರೋರಿಗೂ ಬೇಜಾರಾಗಲ್ಲ ಅನ್ನೋ ನಂಬಿಕೆ ಇದೆ, ಯಾಕಂದ್ರೆ ಇದರಲ್ಲಿ ಹೀಟ್ ಟ್ರಾನ್ಸ್‌ಫರ್, ಫ್ಲೂಯಿಡ್ ಮೆಕ್ಯಾನಿಕ್ಸ್, ಕಂಬಷನ್ ಮೂರೂ ಇವೆ.

ಗುಡಾರದ ಮಾತಿಗೆ ಮುಂಚೆ ಅದು ನಿಲ್ಲೋ ನೆಲದ ಮಾತು. ಐಸು ಎಷ್ಟು ಭಾರ ತಡೆಯತ್ತೆ ಅನ್ನೋದಕ್ಕೆ ಕೆನಡಾದ ಲೋರ್ನ್ ಗೋಲ್ಡ್ 1971ರಲ್ಲಿ ಕೊಟ್ಟ ಒಂದು ಸರಳ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಭಾರ ಹೊರೋ ಶಕ್ತಿ ದಪ್ಪದ ವರ್ಗಕ್ಕೆ ಅನುಪಾತದಲ್ಲಿರತ್ತೆ. ದಪ್ಪವನ್ನ ಸೆಂಟಿಮೀಟರಲ್ಲಿ ತಗೊಂಡು, ವರ್ಗ ಮಾಡಿ, 4ರಿಂದ ಗುಣಿಸಿದ್ರೆ ಸುಮಾರಾಗಿ ಕೆ.ಜಿ.ಯಲ್ಲಿ ಉತ್ತರ ಬರತ್ತೆ. 10 ಸೆಂ.ಮೀ. ಅಂದ್ರೆ 4 ಇಂಚು, ಅದಕ್ಕೆ 400 ಕೆ.ಜಿ. ನೀವು, ನಿಮ್ಮ ಬೂಟು ಜಾಕೆಟ್ಟು, ಗುಡಾರ, ಸಾಮಾನು ಎಲ್ಲ ಸೇರಿ 130 ಕೆ.ಜಿ. ಇದ್ದರೆ ಮೂರು ಪಟ್ಟು ಫ್ಯಾಕ್ಟರ್ ಆಫ್ ಸೇಫ್ಟಿ ಸಿಕ್ಕಿತು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ನಡೆದಾಡೋಕೆ ಕನಿಷ್ಠ 4 ಇಂಚು ಬೇಕು ಅಂತ ಹೇಳೋದೂ ಇದಕ್ಕೆ ಹೊಂದತ್ತೆ. ಈಗ ದಪ್ಪ ಅರ್ಧ ಮಾಡಿ. 2 ಇಂಚಿಗೆ ಶಕ್ತಿ ಅರ್ಧ ಆಗಲ್ಲ, ಕಾಲು ಭಾಗ ಆಗತ್ತೆ, ಅಂದ್ರೆ 100 ಕೆ.ಜಿ. ನಿಮ್ಮ ಲೆಕ್ಕ 130. ಇನ್ನು ಈ ಸಂಖ್ಯೆಗಳೆಲ್ಲ ಗಾಜಿನ ಹಾಗೆ ಕಾಣೋ, ಹೊಸ, ಗಟ್ಟಿ ಐಸಿಗೆ ಮಾತ್ರ. ಹಿಮ ಬೆರೆತು ಬೆಳ್ಳಗಾದ ಐಸಿಗೆ ಅರ್ಧದಷ್ಟೇ ಬಲ, ಅದಕ್ಕೆ ದಪ್ಪ ಎರಡು ಪಟ್ಟು ಬೇಕು. ದಡದಲ್ಲಿ ಒಂದು ಸಲ ಕೊರೆದು ಅಳೆದರೆ ಸಾಲದು, ಹೋಗ್ತಾ ಹೋಗ್ತಾ ಕೊರೆದು ನೋಡ್ತಾ ಹೋಗಬೇಕು.

ಬೈರಿಗೆ (ಇಲ್ಲಿ ಆಗರ್ ಅಂತಾರೆ) ಮತ್ತು ಕತ್ತಿಗೆ ನೇತುಹಾಕಿಕೊಳ್ಳೋ ಐಸ್ ಮೊಳೆಗಳು ಗುಡಾರಕ್ಕಿಂತ ಮುಂಚೆ ಕೊಳ್ಳಬೇಕಾದ ಸಾಮಾನು. ಐಸು ಒಡೆದು ನೀರಿಗೆ ಬಿದ್ದರೆ ಆ ಮೊಳೆ ಚುಚ್ಚಿಕೊಂಡೇ ಮೇಲೆ ಹತ್ತಬೇಕು, ಬರಿಗೈ ಜಾರತ್ತೆ.

ಸರಿ, ಗುಡಾರ. ಅಂಗಡಿಗೆ ಹೋದರೆ ಮುಖ್ಯವಾಗಿ ಎರಡು ಜಾತಿ ಕಾಣತ್ತೆ. ಒಂದು ಫ್ಲಿಪ್, ಇನ್ನೊಂದು ಹಬ್.

ಫ್ಲಿಪ್ ಗುಡಾರದ ಕಥೆ ಚೆನ್ನಾಗಿದೆ. 1980ರ ಸುಮಾರಿನವರೆಗೂ ಐಸ್ ಮೀನುಗಾರಿಕೆ ಅಂದ್ರೆ ಭಾರದ ಮರದ ಗೂಡನ್ನ ಎಳೆದು ತಂದು ಒಂದು ಕಡೆ ನಿಲ್ಲಿಸಿ, ಮೀನು ಬರೋ ತನಕ ಕಾಯೋದು. ಸೇಂಟ್ ಕ್ಲೌಡ್ ಕಡೆಯ ಡೇವ್ ಗೆಂಜ್ ಅನ್ನೋರು ಇದನ್ನ ತಲೆಕೆಳಗು ಮಾಡಿದ್ರು. ಮೀನು ನಮ್ಮ ಹತ್ರ ಬರೋದಲ್ಲ, ನಾವೇ ಮೀನು ಹುಡುಕಿಕೊಂಡು ಹೋಗ್ಬೇಕು, ಹತ್ತಾರು ತೂತು ಕೊರೀಬೇಕು ಅನ್ನೋದು ಅವರ ವಾದ. ಅದಕ್ಕೆ ತಕ್ಕ ಹಾಗೆ ಒಂದು ಹಿಮಬಂಡಿ, ಅದರ ಮೇಲೊಂದು ಕುರ್ಚಿ, ಹಿಂದಿನಿಂದ ತಲೆ ಮೇಲೆ ಎಳೆದುಕೊಳ್ಳೋ ಬಟ್ಟೆಯ ಮುಚ್ಚಿಗೆ ಮಾಡಿದ್ರು. ಫಿಶ್ ಟ್ರ್ಯಾಪ್ ಅಂತ ಹೆಸರಿಟ್ರು. ಸೈಕಲ್ ರಿಕ್ಷಾದ ಟಾಪು ಮುಂದಕ್ಕೆ ಎಳೀತೀವಲ್ಲ, ಹಾಗೆ. ಮಲೆನಾಡಿನವರಿಗೆ ಗೊರಬು ನೆನಪಾಗಬಹುದು: ಗಾಳಿಗೆ ಬೆನ್ನು ಕೊಟ್ಟು, ಮುಂದೆ ಕೆಲಸ ಮಾಡ್ತಾ, ಮೇಲೆ ಮಾತ್ರ ಹೊದಿಕೆ. ಮೀನು ಸಿಗ್ಲಿಲ್ಲ ಅಂದ್ರೆ ಟಾಪು ಹಿಂದಕ್ಕೆ ತಳ್ಳಿ, ಹಗ್ಗ ಹಿಡಿದು ಬಂಡಿ ಎಳೆದುಕೊಂಡು ಇನ್ನೊಂದು ತೂತಿಗೆ. ಒಂದು ನಿಮಿಷದ ಕೆಲಸ.

ಹಬ್ ಗುಡಾರ ಕೊಡೆಯ ಜಾತಿ. ನಾಲ್ಕು ಗೋಡೆ, ಒಂದು ಚಾವಣಿ, ಪ್ರತಿಯೊಂದರ ನಡುವೆ ಒಂದು ಗುಬುಟು. ಅದರಿಂದ ಫೈಬರ್ ಕಡ್ಡಿಗಳು ಮೂಲೆಗಳಿಗೆ ಹೋಗಿರತ್ತೆ. ಗುಬುಟಿನ ಪಟ್ಟಿ ಹಿಡಿದು ಹೊರಕ್ಕೆ ಎಳೆದರೆ ಟಪ್ ಅಂತ ಗೋಡೆ ಬಿಗಿಯಾಗತ್ತೆ. ಒಳಗೆ ಎದ್ದು ನಿಲ್ಲಬಹುದು, ಅದೇ ತೂಕಕ್ಕೆ ಫ್ಲಿಪ್‌ಗಿಂತ ಎಷ್ಟೋ ಜಾಸ್ತಿ ಜಾಗ, ಬೆಲೆಯೂ ಕಡಿಮೆ. ಬಂಡಿ ಮಾತ್ರ ಬರಲ್ಲ, ಬೇರೆ ತಗೊಳ್ಳಬೇಕು. ಹಬ್‌ನಲ್ಲಿ ನಿಜವಾಗಿ ಒಬ್ಬರಿಗೇ ಅಂತ ಮಾಡಿರೋದು ಅಪರೂಪ. ಇಬ್ಬರದು ಅಂತ ಬರೆದಿರೋದನ್ನೇ ಒಬ್ಬರದು ಅಂತ ಓದಿಕೊಳ್ಳಿ. ದಪ್ಪ ಜಾಕೆಟ್ ಹಾಕಿದ ಮನುಷ್ಯ, ಕುರ್ಚಿ, ಹೀಟರು, ಬಕೆಟ್ಟು, ಎರಡು ತೂತು. ಮಿನ್ನೆಸೋಟಾದಲ್ಲಿ ಐಸಿನ ಮೇಲೆ ಒಬ್ಬರಿಗೆ ಎರಡು ಗಾಳ ಹಾಕೋಕೆ ಅನುಮತಿ ಇದೆ. ಇಷ್ಟಕ್ಕೇ ಜಾಗ ಮುಗಿಯತ್ತೆ.

ನಿಮಗೆ ಯಾವುದು ಅನ್ನೋದನ್ನ ತೀರ್ಮಾನ ಮಾಡೋದು ಮೀನಲ್ಲ, ನಿಮ್ಮ ಕಾರು. ಇದನ್ನ ಯಾರೂ ಹೇಳಲ್ಲ, ಯಾಕಂದ್ರೆ ಇಲ್ಲಿಯವರ ಹತ್ರ ಪಿಕಪ್ ಇರತ್ತೆ. ವಿದ್ಯಾರ್ಥಿಗಳ ಹತ್ರ ಇರೋದು ಹತ್ತು ವರ್ಷ ಹಳೇ ಸೆಡಾನ್. ಒಬ್ಬರ ಫ್ಲಿಪ್‌ನ ಬಂಡಿ ನಾಲ್ಕರಿಂದ ಐದು ಅಡಿ ಉದ್ದ ಇದ್ದು, ಅಗಲವೂ ಇರೋದ್ರಿಂದ ಸೆಡಾನಿನ ಡಿಕ್ಕಿಗೆ ಹೋಗಲ್ಲ, ಹಿಂದಿನ ಬಾಗಿಲಿಗೂ ಹೋಗಲ್ಲ. ಹಬ್ ಮಡಚಿದಾಗ ಉದ್ದನೇ ಚೀಲ, ಸುತ್ತಿದ ಚಾಪೆಯ ಹಾಗೆ. ಹಿಂದಿನ ಸೀಟು ಬಗ್ಗಿಸಿದರೆ ಡಿಕ್ಕಿಯಿಂದ ಒಳಕ್ಕೆ ಜಾರಿಸಬಹುದು. ಅಂಗಡಿಗೆ ಟೇಪು ತಗೊಂಡು ಹೋಗಿ, ಅದಕ್ಕೂ ಮುಂಚೆ ನಿಮ್ಮ ಕಾರಿನ ಬಾಯಿ ಅಳೆದಿಟ್ಟುಕೊಳ್ಳಿ.

ಆಮೇಲೆ ತೂಕ. ಇಬ್ಬರ ಹಬ್ 10ರಿಂದ 15 ಕೆ.ಜಿ., ಒಬ್ಬರ ಫ್ಲಿಪ್ 20ರಿಂದ 30 ಕೆ.ಜಿ. ಬರೀ ಐಸಿನ ಮೇಲೆ 30 ಕೆ.ಜಿ. ಬಂಡಿ ಏನೂ ಅನ್ನಿಸಲ್ಲ, ಒಂದೇ ಬೆರಳಲ್ಲಿ ಬರತ್ತೆ. ಮಂಡಿವರೆಗೆ ಹಿಮ ಬಿದ್ದಾಗ ಅದೇ ಬಂಡಿ ಎತ್ತಿಲ್ಲದ ನೇಗಿಲು. ಮೈ ಬೆವರತ್ತೆ, ಆ ಬೆವರು ಕೂತಮೇಲೆ ತಣ್ಣಗಾಗಿ ನಡುಕ ಹುಟ್ಟಿಸತ್ತೆ. ಹಾಗಾಗಿ ಬಂಡಿ ಎಳೆಯುವಾಗ ಜಾಕೆಟ್ ಬಿಚ್ಚಿ ಬಂಡಿ ಮೇಲೆ ಹಾಕಿ ಅಂತ ಇಲ್ಲಿಯ ಹಿರಿಯರು ಹೇಳೋದು. ಮೈನಸ್ 15ರಲ್ಲಿ ಜಾಕೆಟ್ ಬಿಚ್ಚೋದು ಅಂದ್ರೆ ನಮ್ಮ ಅಮ್ಮಂದಿರು ಫೋನಲ್ಲೇ ಬೈತಾರೆ, ಆದ್ರೆ ಮಾತು ನಿಜ.

ಈಗ ಬಿಸಿಯ ಲೆಕ್ಕ

ಬಟ್ಟೆ ಎರಡು ಥರ. ಒಂದೇ ಪದರದ್ದು, ಇನ್ನೊಂದು ನಡುವೆ ಹತ್ತಿಯಂಥ ತುಂಬು ಹಾಕಿ ಹೊಲಿದ ರಜಾಯಿ ಥರದ್ದು. ಇದಕ್ಕೆ ಥರ್ಮಲ್ ಅಂತಾರೆ. ಅಂಗಡಿಯವರು 300 ಡೆನಿಯರ್, 600 ಡೆನಿಯರ್ ಅಂತ ಇನ್ನೊಂದು ಸಂಖ್ಯೆ ಹೇಳ್ತಾರೆ. ಡೆನಿಯರ್ ಅಂದ್ರೆ 9000 ಮೀಟರ್ ನೂಲಿನ ತೂಕ, ಗ್ರಾಂನಲ್ಲಿ. ಅದು ಜಾಸ್ತಿಯಾದ್ರೆ ನೂಲು ದಪ್ಪ, ಬಟ್ಟೆ ಸವೆಯೋದು ಹರಿಯೋದು ಕಡಿಮೆ. ಬೆಚ್ಚಗಿರೋದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತಲೇ ಹೇಳ್ಬಹುದು.

ಒಬ್ಬರ ಗುಡಾರದ ಬಟ್ಟೆಯ ಒಟ್ಟು ವಿಸ್ತೀರ್ಣ ಸುಮಾರು 8 ಚದರ ಮೀಟರ್ ಅಂತ ಇಟ್ಕೊಳ್ಳಿ. ಹೊರಗೆ ಮೈನಸ್ 15, ಒಳಗೆ ಪ್ಲಸ್ 5 ಬೇಕು, ವ್ಯತ್ಯಾಸ 20 ಡಿಗ್ರಿ. ಒಂದೇ ಪದರದ ಬಟ್ಟೆ ತಾನಾಗಿ ಏನೂ ತಡೆಯಲ್ಲ, ಒಳಗೂ ಹೊರಗೂ ಅಂಟಿಕೊಂಡ ಗಾಳಿಯ ತೆಳು ಪದರವೇ ತಡೆಯೋದು. ಅದಕ್ಕೆ ಯು ಬೆಲೆ ಸುಮಾರು 6 ವ್ಯಾಟ್ ಪ್ರತಿ ಚದರ ಮೀಟರ್‌ಗೆ ಪ್ರತಿ ಡಿಗ್ರಿಗೆ. ಗುಣಿಸಿ: 960 ವ್ಯಾಟ್. ತುಂಬು ಹಾಕಿದ ಬಟ್ಟೆಯಲ್ಲಿ ಯು ಅರ್ಧಕ್ಕೆ ಇಳಿದ್ರೆ 480 ವ್ಯಾಟ್. ಸಂದಿಯಲ್ಲಿ ನುಗ್ಗೋ ಗಾಳಿಯದ್ದು ಬೇರೆ. ಕೂತ ಮನುಷ್ಯ ತನ್ನ ಮೈಯಿಂದ ಕೊಡೋದು ಸುಮಾರು 100 ವ್ಯಾಟ್, ಅಂದ್ರೆ ಬರೀ ಮೈಬಿಸಿಗೆ ಗುಡಾರ ಬೆಚ್ಚಗಾಗಲ್ಲ. ಇಲ್ಲಿ ಎಲ್ಲರೂ ಬಳಸೋ ಚಿಕ್ಕ ಪ್ರೋಪೇನ್ ಹೀಟರು ಗಂಟೆಗೆ 3,800 ಬಿಟಿಯು, ನಮ್ಮ ಭಾಷೆಯಲ್ಲಿ 1,100 ವ್ಯಾಟ್, ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಅದರ ಹೆಸರು ಲಿಟಲ್ ಬಡ್ಡಿ. ಸಾಲದ ಬಡ್ಡಿ ಅಲ್ಲ, ಗೆಳೆಯ ಅಂತ ಅರ್ಥ. ಒಂದು ಪದರದ ಗುಡಾರದಲ್ಲಿ ಈ ಹೀಟರನ್ನ ಸದಾ ಉರಿಸಬೇಕು, ಗಾಳಿ ಎದ್ದರೆ ಅದೂ ಸಾಲದು. ಥರ್ಮಲ್‌ನಲ್ಲಿ ಆಗಾಗ ಆರಿಸಿ ಇಡಬಹುದು.

ಥರ್ಮಲ್ ಬಟ್ಟೆಗೆ ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಅದೇ ದೊಡ್ಡದು. 44 ಗ್ರಾಂ ಪ್ರೋಪೇನ್ ಉರಿದ್ರೆ 72 ಗ್ರಾಂ ನೀರು ಹುಟ್ಟತ್ತೆ, ಸಮೀಕರಣ ಬರೆದು ನೋಡಿ. ಒಂದು ಪೌಂಡಿನ ಸಿಲಿಂಡರ್ ಮುಗಿಯೋ ಹೊತ್ತಿಗೆ ಮುಕ್ಕಾಲು ಲೀಟರ್ ನೀರಾವಿ ಗುಡಾರದೊಳಗೆ ಸೇರಿರತ್ತೆ. ನಿಮ್ಮ ಉಸಿರು ಬೇರೆ. ಒಂದೇ ಪದರದ ಬಟ್ಟೆಯ ಒಳಮೈ ತಣ್ಣಗಿರೋದ್ರಿಂದ ಅದೆಲ್ಲ ಅಲ್ಲೇ ಹನಿಗಟ್ಟತ್ತೆ, ಹೀಟರ್ ಆರಿಸಿದ್ರೆ ಹಿಮದ ಹುಡಿಯಾಗತ್ತೆ, ಮತ್ತೆ ಹಚ್ಚಿದ್ರೆ ತಲೆ ಮೇಲೆ ಮಳೆ. ಒದ್ದೆಯಾದ ಕೈಗವಸು ಮೈನಸ್ 15ರಲ್ಲಿ ಕೈಗವಸು ಇಲ್ಲದ್ದಕ್ಕಿಂತ ಕಡೆ. ಹಾಗಾಗಿ ತೂಕ ಸ್ವಲ್ಪ ಜಾಸ್ತಿಯಾದ್ರೂ ಥರ್ಮಲ್ ತಗೊಳ್ಳಿ. ಬೇರೆ ಏನನ್ನ ಬಿಟ್ಟರೂ ಇದನ್ನ ಬಿಡಬೇಡಿ.

ಆದರೆ ಬೆಚ್ಚಗಿನ, ಸಂದಿಯಿಲ್ಲದ, ಚಿಕ್ಕ ಗುಡಾರ ಅಂದ್ರೆ ಅಪಾಯದ ಗುಡಾರವೂ ಹೌದು. ಇಲ್ಲಿ ನಿಧಾನವಾಗಿ ಓದಿ. ಒಬ್ಬರ ಗುಡಾರದಲ್ಲಿ ಸುಮಾರು ಎರಡೂವರೆ ಘನ ಮೀಟರ್ ಗಾಳಿ, ಅದರಲ್ಲಿ ಮುಕ್ಕಾಲು ಕೆ.ಜಿ.ಗಿಂತ ಕೊಂಚ ಕಡಿಮೆ ಆಮ್ಲಜನಕ. ಆ ಚಿಕ್ಕ ಹೀಟರು ಗಂಟೆಗೆ 80 ಗ್ರಾಂ ಪ್ರೋಪೇನ್ ಉರಿಸತ್ತೆ, ಅದಕ್ಕೆ 290 ಗ್ರಾಂ ಆಮ್ಲಜನಕ ಬೇಕು. ಗಾಳಿ ಸ್ವಲ್ಪವೂ ಆಡದೆ ಹೋದ್ರೆ ಶೇ. 21 ಇದ್ದ ಆಮ್ಲಜನಕ 20 ನಿಮಿಷದಲ್ಲಿ ಶೇ. 18ಕ್ಕೆ ಬರತ್ತೆ, ಒಂದು ಗಂಟೆಯಲ್ಲಿ ಶೇ. 13ಕ್ಕಿಂತ ಕೆಳಗೆ. ನಿಜವಾದ ಗುಡಾರದಲ್ಲಿ ಸಂದಿ ಇದ್ದೇ ಇರತ್ತೆ, ಇಷ್ಟು ಬೇಗ ಆಗಲ್ಲ. ಆದ್ರೆ ಗುಡಾರದ ಬುಡದ ಸೆರಗಿಗೆ ಹಿಮ ಪೇರಿಸಿ ಸಂದಿ ಮುಚ್ಚೋದು ಎಲ್ಲರೂ ಮಾಡೋ ಕೆಲಸ, ಹೊರಗೆ ಹಿಮ ಬೀಳ್ತಾ ಇದ್ರೆ ಉಳಿದ ಸಂದಿಯನ್ನ ಅದೇ ಮುಚ್ಚತ್ತೆ. ಆಮ್ಲಜನಕ ಕಮ್ಮಿಯಾದ ಹಾಗೆ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಬಿಡೋಕೆ ಶುರು ಮಾಡತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹೀಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳತ್ತೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ನಮ್ಮೂರಲ್ಲಿ ಮುಚ್ಚಿದ ಬಾತ್‌ರೂಮಿನ ಗ್ಯಾಸ್ ಗೀಸರಿನಿಂದ, ಚಳಿಗೆ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿದ್ದರಿಂದ ಸತ್ತವರ ಸುದ್ದಿ ಓದಿರ್ತೀರಿ. ಅದೇ ಅನಿಲ, ಅದೇ ಕಥೆ.

ಇಬ್ಬರು ಇದ್ದರೆ ಒಬ್ಬರ ಮಾತು ತೊದಲಿದಾಗ ಇನ್ನೊಬ್ಬರಿಗೆ ಅನುಮಾನ ಬರತ್ತೆ. ಒಬ್ಬರ ಗುಡಾರದಲ್ಲಿ ನೋಡೋರು ಯಾರೂ ಇಲ್ಲ. ಒಬ್ಬರ ಗುಡಾರ ಕೊಳ್ಳೋದು ಅಂದ್ರೆ ಈ ಒಂದು ಕಾವಲನ್ನ ಕಳ್ಕೊಳ್ಳೋದು, ಅದನ್ನ ಬೇರೆ ರೀತಿಯಲ್ಲಿ ತುಂಬಿಕೊಳ್ಳಬೇಕು. ಆದ್ದರಿಂದ ಗುಡಾರ ನೋಡುವಾಗ ಮೊದಲು ಗಾಳಿಕಿಂಡಿ ನೋಡಿ. ಮೇಲೊಂದು, ಕೆಳಗೊಂದು ಇರಬೇಕು, ಒಂದೇ ಇದ್ರೆ ಗಾಳಿ ಸುತ್ತಲ್ಲ. ಕಿಂಡಿಗೆ ಸೆಟೆದು ನಿಲ್ಲೋ ಕಡ್ಡಿ ಇದೆಯಾ, ಅಥವಾ ಬಟ್ಟೆ ತಾನೇ ಜೋತುಬಿದ್ದು ಮುಚ್ಚಿಕೊಳ್ಳತ್ತಾ ಅಂತ ಕೈ ಹಾಕಿ ನೋಡಿ. ಬ್ಯಾಟರಿಯ ಮಾನಾಕ್ಸೈಡ್ ಅಲಾರಂ ಒಂದು ತಗೊಂಡು ಒಳಗೆ ಎದೆ ಎತ್ತರಕ್ಕೆ ನೇತುಹಾಕಿ. ಅದು ಎಷ್ಟು ಚಳಿಯವರೆಗೆ ಕೆಲಸ ಮಾಡತ್ತೆ ಅನ್ನೋದು ಡಬ್ಬದ ಮೇಲೆ ಇರತ್ತೆ, ಓದಿ. ಹೀಟರಿನಲ್ಲಿ ಆಮ್ಲಜನಕ ಇಳಿದ್ರೆ ತಾನೇ ಆರೋ ವ್ಯವಸ್ಥೆ ಇರತ್ತೆ, ಒಳ್ಳೇದೇ, ಆದ್ರೆ ಅದು ಮಾನಾಕ್ಸೈಡನ್ನ ಅಳೆಯಲ್ಲ. ಗುಡಾರದಲ್ಲಿ ನಿದ್ದೆ ಮಾತ್ರ ಬೇಡ.

ಜಿಪ್ಪಿನ ಬಾಗಿಲಿಗೂ ಇದೇ ಮಾತು. ಕೈಗವಸು ಹಾಕಿಕೊಂಡೇ, ಕತ್ತಲಲ್ಲಿ, ಒಳಗಿನಿಂದ ತೆಗೆಯೋಕೆ ಬರಬೇಕು. ಅಂಗಡಿಯಲ್ಲೇ ಕೈಗವಸು ಹಾಕಿ ತೆಗೆದು ನೋಡಿ, ನಗೋರು ನಗಲಿ. ಫ್ಲಿಪ್‌ನಲ್ಲಿ ಈ ಚಿಂತೆ ಕಡಿಮೆ, ಟಾಪನ್ನ ಹಿಂದಕ್ಕೆ ದೂಡಿದ್ರೆ ಆಯ್ತು, ಇಡೀ ಮನೆಯೇ ಬಾಗಿಲು.

ಗಾಳಿ

ಕೆರೆಯ ಮೇಲೆ ಗಾಳಿಗೆ ಅಡ್ಡ ಏನೂ ಇಲ್ಲ. ಗಂಟೆಗೆ 40 ಕಿ.ಮೀ. ಗಾಳಿ ಅಲ್ಲಿ ವಿಶೇಷ ಏನಲ್ಲ. ಗುಡಾರದ ಒಂದು ಗೋಡೆ 2 ಚದರ ಮೀಟರ್ ಅಂದುಕೊಂಡು, ಡ್ರ್ಯಾಗ್ ಗುಣಾಂಕ 1.2 ಹಾಕಿ, ಚಳಿಯಲ್ಲಿ ಗಾಳಿ ಸ್ವಲ್ಪ ಸಾಂದ್ರ ಅನ್ನೋದನ್ನೂ ಸೇರಿಸಿದರೆ 200 ನ್ಯೂಟನ್, ಅಂದ್ರೆ 20 ಕೆ.ಜಿ. ತಳ್ಳು. ವೇಗ ಎರಡು ಪಟ್ಟಾದ್ರೆ ಇದು ನಾಲ್ಕು ಪಟ್ಟು. ನಿಮ್ಮ ಹಬ್ 12 ಕೆ.ಜಿ., ನಿಂತಿರೋದು ಜಾರೋ ಐಸಿನ ಮೇಲೆ. ಹಾಗಾಗಿಯೇ ಪ್ರತಿ ವರ್ಷ ಯಾರಾದ್ರೂ ತಮ್ಮ ಗುಡಾರದ ಹಿಂದೆ ಕೆರೆ ಉದ್ದಕ್ಕೂ ಓಡೋದನ್ನ ನೋಡಬಹುದು. ಹಬ್ ಬಿಡಿಸೋ ಮುಂಚೆ ಗಾಳಿ ಬರೋ ಕಡೆಯ ಮೂಲೆಗೆ ಐಸ್ ತಿರುಪು ಹಾಕಿ ಬಿಗಿದು, ಆಮೇಲೆ ಗೋಡೆ ಎಳೀಬೇಕು. ಕೈಯಲ್ಲಿ ಆ ತಿರುಪು ತಿರುಗಿಸೋದು ಹಿಂಸೆ, ಬ್ಯಾಟರಿ ಡ್ರಿಲ್ಲಿಗೆ ಸಿಕ್ಕಿಸೋ ಚಿಕ್ಕ ಜೋಡಣೆ ಸಿಗತ್ತೆ, ತಗೊಳ್ಳಿ. ಫ್ಲಿಪ್‌ನಲ್ಲಿ ನೀವು ಕೂತಿರೋದೇ ಬಂಡಿಯ ಮೇಲೆ, ನಿಮ್ಮ ತೂಕವೇ ಲಂಗರು. ಬೆನ್ನು ಗಾಳಿಗೆ ಇಟ್ಟರೆ ಸಾಕು. ಎದ್ದು ಹೊರಗೆ ಹೋಗುವಾಗ ಮಾತ್ರ ಎಚ್ಚರ, ಇಲ್ಲಾಂದ್ರೆ ಖಾಲಿ ಬಂಡಿ ಹಾಯಿದೋಣಿ ಆಗತ್ತೆ.

ಗಾಳಿ ಗುಡಾರವನ್ನಷ್ಟೇ ಅಲ್ಲ, ಐಸನ್ನೇ ಸರಿಸಬಲ್ಲದು. 2023ರ ಡಿಸೆಂಬರ್ ಕೊನೆಯಲ್ಲಿ ಉತ್ತರ ಮಿನ್ನೆಸೋಟಾದ ಅಪ್ಪರ್ ರೆಡ್ ಲೇಕ್‌ನಲ್ಲಿ ಐಸಿನ ದೊಡ್ಡ ಹಾಳೆಯೊಂದು ದಡದಿಂದ ಬೇರೆಯಾಗಿ, ಅದರ ಮೇಲಿದ್ದ ನೂರಕ್ಕೂ ಹೆಚ್ಚು ಜನರನ್ನ ಕರೆತರಬೇಕಾಯ್ತು. ಗುಡಾರದೊಳಗೆ ಕೂತವರಿಗೆ ಹೊರಗೆ ಏನಾಗ್ತಿದೆ ಅಂತ ಗೊತ್ತಾಗಲ್ಲ. ಒಳಗೆಲ್ಲ ಕಪ್ಪು ಬಟ್ಟೆ ಇರೋದು ತೂತಿನ ನೀರು ಸ್ಪಷ್ಟವಾಗಿ ಕಾಣಲಿ ಅಂತ, ಹಾಗಾಗಿ ಹಗಲಲ್ಲೂ ಕತ್ತಲು. ದಡದ ಕಡೆಗೆ ಒಂದು ಕಿಟಕಿ ಬರೋ ಹಾಗೆ ಕೂತುಕೊಳ್ಳಿ, ಕಿಟಕಿ ಇಲ್ಲದ ಮಾದರಿ ಬೇಡ.

ಕಾನೂನಿನ ವಿಷಯ ಚಿಕ್ಕದು. ಮೀನು ಹಿಡಿಯೋಕೆ ಲೈಸೆನ್ಸ್ ಬೇಕೇ ಬೇಕು. ಮಡಚೋ ಗುಡಾರಕ್ಕೆ, ನೀವು ಅದರ ಹತ್ತಿರವೇ ಇರೋ ತನಕ, ಇಲ್ಲಿ ಬೇರೆ ಲೈಸೆನ್ಸ್ ಬೇಡ. ಅದನ್ನ ಐಸಿನ ಮೇಲೆ ಬಿಟ್ಟು ಹೋಗೋದಾದ್ರೆ ಬೇಕು. ಬೇರೆ ರಾಜ್ಯಗಳ ನಿಯಮ ಬೇರೆ, ಅಲ್ಲಿಯದ್ದು ಅಲ್ಲೇ ನೋಡಿಕೊಳ್ಳಿ.

ಹಾಗಾದ್ರೆ ಯಾವುದು? ನನ್ನನ್ನ ಕೇಳಿದ್ರೆ, ಸೆಡಾನ್ ಇರೋ, ತಿಂಗಳಿಗೆ ಒಂದೆರಡು ಸಲ ಗೆಳೆಯರ ಜೊತೆ ಹೋಗೋ ವಿದ್ಯಾರ್ಥಿಗೆ ಇಬ್ಬರ ಥರ್ಮಲ್ ಹಬ್, ಜೊತೆಗೊಂದು ಅಗ್ಗದ ಪ್ಲಾಸ್ಟಿಕ್ ಬಂಡಿ. ಹೊಸದಕ್ಕೆ ದುಡ್ಡು ಸಾಲದಿದ್ರೆ ಸೆಕೆಂಡ್ ಹ್ಯಾಂಡ್ ಮಾರ್ಚ್‌ನಲ್ಲಿ ಹುಡುಕಿ, ಸೀಸನ್ ಮುಗಿಯುವಾಗ ಎಲ್ಲರೂ ಮಾರ್ತಾರೆ. ಹಳೇದು ನೋಡುವಾಗ ಗುಬುಟಿನ ಹತ್ರ ಕಡ್ಡಿ ಸೀಳಿದೆಯಾ, ಮೂಲೆಯ ಹೊಲಿಗೆ ಬಿಟ್ಟಿದೆಯಾ, ಒಳಗೆ ಬೂಷ್ಟಿನ ವಾಸನೆ ಇದೆಯಾ ನೋಡಿ. ಪಿಕಪ್ ಅಥವಾ ದೊಡ್ಡ ವ್ಯಾನ್ ಇದ್ದು, ಒಂದು ತೂತಿನಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರೋ ತಾಳ್ಮೆ ಇಲ್ಲದವರು ಫ್ಲಿಪ್ ತಗೊಳ್ಳಲಿ, ಅದರ ಸುಖ ಹಬ್‌ನಲ್ಲಿ ಇಲ್ಲ. ಅದರ ಕುರ್ಚಿಯಲ್ಲಿ ಮಾತ್ರ ಅಂಗಡಿಯಲ್ಲೇ ಕಾಲು ಗಂಟೆ ಕೂತು ನೋಡಿ. ಆರಡಿ ಹುಡುಗರಿಗೆ ಒಬ್ಬರ ಫ್ಲಿಪ್‌ನಲ್ಲಿ ಮಂಡಿ ಗದ್ದಕ್ಕೆ ಬರತ್ತೆ.

ಮನೆಗೆ ತಂದ ಮೇಲೆ ಒಣಗಿಸೋ ಕೆಲಸ ಇದೆ. ಸೆರಗು ಐಸಿಗೆ ಅಂಟಿ ಹೆಪ್ಪುಗಟ್ಟಿದ್ರೆ ಕಾಲಲ್ಲಿ ಒದ್ದು ಕಿತ್ತರೆ ಬಟ್ಟೆ ಹರಿಯತ್ತೆ, ಸಲಿಕೆಯಿಂದ ಸುತ್ತ ಬಿಡಿಸಿ, ಐಸಿನ ತುಂಡು ಸಮೇತ ಚೀಲಕ್ಕೆ ಹಾಕಿ ತನ್ನಿ. ಅಪಾರ್ಟ್‌ಮೆಂಟಲ್ಲಿ ಇರೋರು ರಾತ್ರಿಯೆಲ್ಲ ಬಾತ್‌ಟಬ್ಬಿನ ಮೇಲೆ ನೇತುಹಾಕಿ, ಬೆಳಗ್ಗೆ ಎಲ್ಲ ಮೂಲೆ ಒಣಗಿದೆಯಾ ಮುಟ್ಟಿ ನೋಡಿ ಮಡಚಿ. ರೂಮ್‌ಮೇಟ್‌ಗೆ ಮೊದಲೇ ಹೇಳಿರಿ.